ಬರಿಗೊರಳ ಹಸು ತವರಿಗೆ ಹೋದದ್ದು

ಹೊಂಗೆಯ ಮರ ಚಿಗುರಿತೆಂದರೆ ನನಗೆ ಚಿಂತೆಯೂ ಚಿಗುರುತ್ತದೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮಾಗಿಯ ಚಳಿಯಲ್ಲಿ ನಾನು ಒಂದಿಷ್ಟು ಮನುಷ್ಯಳ ಹಾಗೆ ಇರುತ್ತೇನಂತೆ. ಯುಗಾದಿ ಹತ್ತಿರವಾಯಿತೋ, ಬಣವೆಯಲ್ಲಿ ಹುಲ್ಲು ಎಷ್ಟು ಉಳಿದಿದೆ, ಬಾವಿಯ ನೀರು ಯಾವ ಮೆಟ್ಟಿಲಿಗೆ ಇಳಿದಿದೆ, ಬೇಲಿಯ ಮುಳ್ಳು ಎಲ್ಲಿ ಸರಿದಿದೆ ಎಂದು ಊರ ಕಾವಲುಗಾರನ ಹಾಗೆ ಸುತ್ತತೊಡಗುತ್ತೇನೆ. ನಮ್ಮ ಮನೆಯವರು ಇದಕ್ಕೆ 'ಗಸ್ತು' ಎಂದು ಹೆಸರಿಟ್ಟಿದ್ದಾರೆ. "ಗಸ್ತು ಮುಗೀತೇನು? ಹಂಗಾದ್ರೆ ಚಾ ಮಾಡು," ಎನ್ನುತ್ತಾರೆ. ನಾನು ಚಹಾ ಮಾಡುತ್ತೇನೆ. ಹಾಲು ಉಕ್ಕೀತೆಂದು ಒಲೆ ಬಿಟ್ಟು ಕದಲುವುದಿಲ್ಲ.

ಮೊನ್ನೆ ಅವರು ಶಿಕಾರಿಪುರದ ಸಂತೆಯಿಂದ ನೀಲಿ ನೈಲಾನ್ ಹಗ್ಗ ತಂದರು. ದನ ಕಟ್ಟಲು. ಮಳೆಗೆ ಕೊಳೆಯುವುದಿಲ್ಲ, ಇಲಿ ಕಡಿಯುವುದಿಲ್ಲ, ಮುಟ್ಟಿದರೆ ಹಾವಿನ ಹಾಗೆ ನುಣ್ಣಗಿದೆ. ಹೊಸೆಯುವ ಕೆಲಸವೂ ಇಲ್ಲ. ಅದನ್ನು ಕೈಯಲ್ಲಿ ಹಿಡಿದು ನಾನು ಸುಮ್ಮನೆ ನಿಂತುಬಿಟ್ಟೆ. "ಏನು, ಹಗ್ಗದ್ದೂ ಚಿಂತೇನಾ?" ಎಂದರು. ಚಿಂತೆಯಲ್ಲ, ನೆನಪು ಎಂದರೆ ನಂಬುವವರಾರು?

ನಮ್ಮ ಕಡೆ ಹಗ್ಗವೆಂದರೆ ಬರೀ ಹಗ್ಗವಲ್ಲ ಎಂಬುದು ನಿಮಗೂ ಗೊತ್ತಿರಬಹುದು. ದನ ಮಾರಿದರೂ ಹಗ್ಗ ಮಾರಬಾರದು. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು, ಹಳೆಯ ಹಗ್ಗ ಮನೆಯ ಗೂಟದಲ್ಲೇ ಉಳಿಯಬೇಕು. ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೂ ಅದರ ಹಿಂದೆ ಹೋಗುತ್ತಾಳೆ. ಹಗ್ಗ ಬಿಚ್ಚಿ ಬರಿಗೊರಳಲ್ಲಿ ದನ ಅಟ್ಟಿದರೆ, ಇನ್ನು ಅದಕ್ಕೂ ನಮಗೂ ಸಂಬಂಧವಿಲ್ಲ ಎಂದರ್ಥ. ಆದರೆ ಮಗಳಿಗೆ ಬಳುವಳಿ ಕೊಡುವ ಹಸುವಿನ ಲೆಕ್ಕ ಬೇರೆ. ಅದು ಮಾರಾಟವಲ್ಲವಲ್ಲ. ಅದನ್ನು ಹಗ್ಗ, ಗಂಟೆ ಸಮೇತ ಕೊಡುತ್ತಾರೆ.

ನನ್ನ ತವರು ಸೊರಬದ ಆಚೆ, ದಂಡಾವತಿ ಹೊಳೆ ದಾಟಿ ಹೋಗಬೇಕಾದ ಊರು. ಗಂಡನ ಮನೆ ಶಿಕಾರಿಪುರದಿಂದ ಮೂಡಲಿಗೆ. ಎರಡೂ ಅಕ್ಕಪಕ್ಕದ ತಾಲೂಕುಗಳೇ. ಆದರೆ ಅಲ್ಲಿಯ ದನಕ್ಕೂ ಇಲ್ಲಿಯ ದನಕ್ಕೂ ಅಜಗಜಾಂತರ. ನನ್ನ ಮದುವೆಯಲ್ಲಿ ಬಳುವಳಿಯಾಗಿ ಬಂದ ಕೆಂದಿ ಮಲೆನಾಡ ಗಿಡ್ಡ ತಳಿಯ ಕೆಂಪು ಹಸು. ಅಪ್ಪ ಅದನ್ನು ತಂದು ಚಪ್ಪರದ ಮುಂದೆ ನಿಲ್ಲಿಸಿದಾಗ ಗಂಡಿನ ಕಡೆಯವರೊಬ್ಬರು, "ಕರು ಕಂಡ್ವಿ, ಇದರ ತಾಯಿ ಎಲ್ಲೈತ್ರಿ?" ಎಂದು ಕೇಳಿಬಿಟ್ಟರು. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಅಂಥ ಮಾತಿಗಾಗಿಯೇ ಕಾದಿರುವ ಮನುಷ್ಯ. "ನಮ್ಮ ಕಡೆ ಹಸುವೂ ಗಿಡ್ಡ, ಮಾತೂ ಗಿಡ್ಡ. ನಿಮ್ಮ ಕಡೆ ಎರಡೂ ಉದ್ದ ಕಾಣ್ತದೆ," ಎಂದರು. ನಗು ಎದ್ದಿತು, ಆದರೆ ಎರಡು ಕಡೆಯವರೂ ಆ ಮಾತನ್ನು ಬುತ್ತಿಯ ಹಾಗೆ ಕಟ್ಟಿಕೊಂಡು ಹೋದರು.

ನಮ್ಮ ಅತ್ತೆ ಒಳ್ಳೆಯವರು. ಬಾಯಿ ಮಾತ್ರ ಸ್ವಲ್ಪ ಸಡಿಲ. ಹಾಲು ಕರೆಯಲು ಕೂತಾಗಲೆಲ್ಲ, "ಇದೇನು ಹಸುವೋ, ಮೇಕೆಯೋ? ಕರೆಯಾಕೆ ಕುಂತ್ರೆ ನನ್ನ ಮೊಣಕಾಲೇ ಇದಕ್ಕಿಂತ ಎತ್ತರ ಆಗ್ತಾವಲ್ಲೇ ತಾಯಿ," ಎನ್ನುತ್ತಿದ್ದರು. ಆಮೇಲೆ ಅದೇ ಹಾಲಿನ ಕೆನೆ ಬೆರಳಲ್ಲಿ ತೆಗೆದು ಬಾಯಿಗಿಟ್ಟು, "ಗಿಡ್ಡಿ ಆದ್ರೂ ಗಟ್ಟಿ ಐತಿ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನಾನು ಮೊದಲಿನ ಮಾತನ್ನು ಮಾತ್ರ ಕೇಳಿಸಿಕೊಂಡು ಕೊರಗುತ್ತಿದ್ದೆ. ಆಗಿನಿಂದಲೂ ನನ್ನ ಕಿವಿ ಹಾಗೆಯೇ.

ನಾನು ಹೇಳಹೊರಟಿರುವುದು ನನ್ನ ಮದುವೆಯ ಮರುವರ್ಷದ ಮಾತು. ಐವತ್ತೆಂಟೋ ಐವತ್ತೊಂಬತ್ತೋ ಇರಬೇಕು. ನಯಾಪೈಸೆ ಬಂದು, ಅಂಗಡಿಗೆ ಹೋದವರೆಲ್ಲ ಕಟ್ಟೆಯ ಮೇಲೆ ಕೂತು ಬೆರಳು ಮಡಚುತ್ತಿದ್ದ ಕಾಲ. ಸುಗ್ಗಿ ಮುಗಿದಿತ್ತು. ಈಗಿನವರು ಬೇಸಿಗೆ ಎಂದರೆ ರಜೆ ಎನ್ನುತ್ತಾರೆ. ಆಗ ನಮ್ಮದು ಸಣ್ಣ ಒಕ್ಕಲು. ಗದ್ದೆ ಖಾಲಿಯಾದರೆ ಕೆಲಸ ತುಂಬಿಕೊಳ್ಳುತ್ತಿತ್ತು. ತಿಪ್ಪೆ ಕೆದರಿ ಗೊಬ್ಬರ ಹೇರಬೇಕು. ಕೆರೆಯ ಗೋಡುಮಣ್ಣು ತಂದು ಹೊಲಕ್ಕೆ ಹಾಕಬೇಕು. ಬೇಲಿಗೆ ಹೊಸ ಮುಳ್ಳು ಒತ್ತಬೇಕು. ಎಲ್ಲಕ್ಕಿಂತ ಮಿಗಿಲಾಗಿ ಹಗ್ಗ ಹೊಸೆಯಬೇಕು. ನಮ್ಮ ಮಾವ ಅದರಲ್ಲಿ ಕಟ್ಟುನಿಟ್ಟು. ಯುಗಾದಿಯ ಮುಂಚೆ ಹಳೆಯ ಹಗ್ಗಗಳೆಲ್ಲ ಬಿಚ್ಚಿ ಅಟ್ಟ ಸೇರಬೇಕು, ಹೊಸ ವರ್ಷಕ್ಕೆ ಹೊಸ ಪುಂಡಿನಾರಿನ ಹಗ್ಗ. ಅಂಗಳದಲ್ಲಿ ಒಂದು ತುದಿಗೆ ಅವರು, ಇನ್ನೊಂದು ತುದಿಗೆ ನಮ್ಮ ಮನೆಯವರು ನಿಂತು ಎಳೆ ತಿರುವುತ್ತಿದ್ದರೆ, ಅಪ್ಪ ಮಗ ಎರಡು ದಿಕ್ಕಿಗೆ ಮುಖ ಮಾಡಿ ಜಗಳವಾಡಿದಂತೆ ಕಾಣುತ್ತಿತ್ತು. ಕೆಲವು ಸಲ ಆಡುತ್ತಲೂ ಇದ್ದರು.

ಆ ವರ್ಷ ಇವೆಲ್ಲದರ ಮೇಲೆ ಕೊಟ್ಟಿಗೆಯೂ ಬಂತು. ತೊಲೆಗೆ ಗೆದ್ದಲು ಹಿಡಿದಿತ್ತು. ಹೆಂಚು ಇಳಿಸಿ, ತೊಲೆ ಬದಲಿಸಿ, ನೆಲ ಅಗೆದು ಹೊಸ ಗರಸು ಮಣ್ಣು ತುಂಬಬೇಕು. ಹಾಗಾದರೆ ದನ ಎಲ್ಲಿ? ಅದು ಒಂದು ಪ್ರಶ್ನೆ. ತಿನ್ನಿಸುವುದು ಏನು? ಅದು ಅದಕ್ಕಿಂತ ದೊಡ್ಡದು. ಬಣವೆ ಸೊಂಟದ ಮಟ್ಟಕ್ಕೆ ಇಳಿದಿತ್ತು. ಊರ ಗೋಮಾಳದಲ್ಲಿ ದನ ಮೂಸಿ ನೋಡಿ ಮುಖ ತಿರುಗಿಸುವಷ್ಟು ಮಾತ್ರ ಹುಲ್ಲು. ಎತ್ತುಗಳ ಪಕ್ಕೆಲುಬು ದೂರದಿಂದಲೇ ಕಾಣುತ್ತಿತ್ತು. ಈಗ ಮೇಯದ ಎತ್ತು ಮುಂಗಾರಿಗೆ ನೇಗಿಲು ಎಳೆಯುವುದಿಲ್ಲ. ಮಾವ ರಾತ್ರಿ ಊಟಕ್ಕೆ ಕೂತಾಗ ತುತ್ತು ಕಲಸುತ್ತಲೇ ಇರುತ್ತಿದ್ದರು, ಎತ್ತುತ್ತಿರಲಿಲ್ಲ.

ಆಗ ನಾನು, ಬಡಿಸುವ ಸೌಟು ಹಿಡಿದುಕೊಂಡೇ, ಅತ್ತೆಗೆ ಹೇಳುವ ಹಾಗೆ ಮಾವನಿಗೆ ಕೇಳಿಸಿದೆ. "ನಮ್ಮ ತವರಿನ ಕಡೆ ಕೆರೆಯಂಗಳದಲ್ಲಿ ಈಗ ಹಸಿ ಹುಲ್ಲು ಇರುತ್ತೆ. ಮನೆ ಹಿಂದೆ ಬ್ಯಾಣವೂ ಇದೆ." ಬ್ಯಾಣವೆಂದರೆ ಮೇವಿಗಾಗಿಯೇ ಬಿಟ್ಟುಕೊಂಡ ಗುಡ್ಡದ ಇಳಿಜಾರು, ಪಕ್ಕದ ಕಾನುಕಾಡಿನ ತಂಪಿಗೆ ಅಲ್ಲಿ ಹುಲ್ಲು ತಡವಾಗಿ ಒಣಗುತ್ತದೆ.

ಮಾವ ತಲೆ ಎತ್ತಲಿಲ್ಲ. "ಹೆಣ್ಣು ಕೇಳಾಕೆ ಹೋಗಿದ್ವಿ, ಕೊಟ್ರು. ಈಗ ಹುಲ್ಲು ಕೇಳಾಕೆ ಹೋಗಾದೇನು? ನಾಳೆ ನೀರು ಕೇಳಾಕೂ ಹೋಗಾನ?"

ಅತ್ತೆ ಬಿಡಲಿಲ್ಲ. "ನೀವು ಕೇಳಬ್ಯಾಡ್ರಿ. ಎತ್ತು ಸಾಯ್ಲಿ. ಆಮ್ಯಾಲೆ ನೊಗಕ್ಕೆ ನೀವೊಂದು ಕಡಿ, ನಿಮ್ಮ ಮಗ ಒಂದು ಕಡಿ ನಿಂದ್ರಿ."

ಮೂರನೆಯ ದಿನ ಮಾವ ತಾವೇ ಒಂದು ದಾರಿ ಹುಡುಕಿದರು. ಹುಲ್ಲು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. "ಹಬ್ಬ ಆದಮ್ಯಾಲೆ ಸೊಸೆನ್ನ ತವರಿಗೆ ಬಿಟ್ಟು ಬರಾನ. ಹೆಂಗೂ ಹೋಗ್ತೀವಿ, ಜೊತಿಗೆ ದನಾನೂ ಹೊಡ್ಕೊಂಡು ಹೋಗಾನ. ನಾಕು ದಿನ ಗಾಳಿ ಬದಲಾಯಿಸ್ಲಿ." ದೊಡ್ಡ ಮನುಷ್ಯರಿಗೆ ಡಾಕ್ಟರು ಹೇಳುವ ಹಾಗೆ ನಮ್ಮ ದನಗಳಿಗೆ ಗಾಳಿ ಬದಲಾವಣೆ! ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಹೋದರು. ಶಿರಾಳಕೊಪ್ಪದ ಸಂತೆಗೆ ಹೋದವರ ಮೂಲಕ, ಅಲ್ಲಿಗೆ ಬರುವ ನನ್ನ ತವರೂರ ಕಡೆಯವರೊಬ್ಬರಿಗೆ ಸುದ್ದಿ ಮುಟ್ಟಿಸಿದೆವು. ಆ ಪುಣ್ಯಾತ್ಮರು ಸಂತೆಯಿಂದ ನೇರ ಮಗಳ ಮನೆಗೆ ಹೋಗಿ, ಅಲ್ಲಿ ಹೋಳಿಗೆ ತಿನ್ನುತ್ತ ಉಳಿದದ್ದು ನಮಗೆ ಗೊತ್ತಾಗಲಿಲ್ಲ.

ಹೊರಡುವ ತನಕ ನನ್ನ ಚಿಂತೆಗೆ ಬಿಡುವಿಲ್ಲ. ಗಾಡಿಯ ಅಚ್ಚು ಮುರಿದರೆ? ಕಾನಿನ ಹುಲಿ ಬಂದರೆ? ಹುಲಿ ಬರದೆ ಬರೀ ಅದರ ವಾಸನೆ ಬಂದು ಎತ್ತು ಬೆದರಿದರೆ? ಕಾಳ್ಗಿಚ್ಚು? ಹಾವು? ಅಡ್ಡಮಳೆ? ಒಂದೊಂದನ್ನೂ ನಮ್ಮ ಮನೆಯವರ ಮುಂದಿಟ್ಟೆ. ಅವರು ಎಲ್ಲಕ್ಕೂ "ಹೂಂ" ಎಂದರು. ನನ್ನ ಚಿಂತೆಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಅವುಗಳಲ್ಲಿ ಒಂದೂ ಇದುವರೆಗೆ ನಡೆದಿಲ್ಲ. ನಡೆದದ್ದು ಯಾವುದೂ ನನಗೆ ಮೊದಲು ಹೊಳೆದಿಲ್ಲ.

ಹೊಸ ಹಗ್ಗ ಎಲ್ಲ ದನಕ್ಕೂ ಸಾಲಲಿಲ್ಲ. ಎತ್ತುಗಳಿಗಾಯಿತು, ಎರಡು ದೊಡ್ಡ ಹಸುಗಳಿಗಾಯಿತು, ಎಮ್ಮೆಗಾಯಿತು. ಕೆಂದಿಯ ಸರದಿ ಬಂದಾಗ ನಾರು ಮುಗಿದಿತ್ತು. ಅದರ ಹಳೆಯ ಹಗ್ಗ, ಗಂಟೆ ಆಗಲೇ ಅಟ್ಟದ ಮೇಲೆ. ಮಾವ ಅದರ ಬೆನ್ನು ತಟ್ಟಿ, "ಗಿಡ್ಡಿಗೆ ಎದಕ್ಕೆ ಹಗ್ಗ? ಬಾ ಅಂದ್ರೆ ಬರ್ತೈತಿ," ಎಂದರು. ನಿಜ, ಕೆಂದಿ ಅಂಥ ಸಾಧು. ನಾನು ಆ ಹೊತ್ತಿಗೆ ಹುಲಿಯ ಚಿಂತೆಯಲ್ಲಿದ್ದೆ.

ಹೊರಟೆವು. ಗಾಡಿಯಲ್ಲಿ ನಾನು, ನನ್ನ ಟ್ರಂಕು, ಹಾಸಿಗೆ ಸುರುಳಿ, ಬುತ್ತಿಯ ಗಂಟು. ನಮ್ಮ ಮನೆಯವರು ದನಗಳ ಹಿಂದೆ, ಮಾವ ಗಾಡಿಯ ಎತ್ತುಗಳ ಹಗ್ಗ ಹಿಡಿದು ಮುಂದೆ. ಬಿಸಿಲೇರಿದರೆ ಹೊಂಗೆಯ ನೆರಳಲ್ಲಿ ನಿಲ್ಲುವುದು, ಇಳಿದರೆ ನಡೆಯುವುದು. ಸಂಜೆಗೆ ಉಡುತಡಿ ತಲುಪಿ, ಪರಿಚಯದ ಒಕ್ಕಲಿನವರ ಕಣದಲ್ಲಿ ಇಳಿದೆವು. ಆ ಮನೆಯ ಯಜಮಾನರು ಮಾವನನ್ನು, "ಎಲ್ಲಿಗೆ ಗೌಡ್ರೇ ದಂಡು?" ಎಂದು ಕೇಳಿದರು. ಮಾವ ಗಂಟಲು ಸರಿಪಡಿಸಿಕೊಂಡು, "ಗಾಳಿ ಬದಲಾವಣೆಗೆ," ಎಂದರು. ಯಜಮಾನರು ಎತ್ತಿನ ಪಕ್ಕೆ ನೋಡಿದರು, ಮಾವನ ಮುಖ ನೋಡಿದರು, ಒಂದು ಹೊರೆ ಹುಲ್ಲು ತಂದು ಹಾಕಿ ಹೋದರು.

ಮರುದಿನ ಸೊರಬ ದಾಟುವ ಹೊತ್ತಿಗೆ ಗಾಳಿ ನಿಜವಾಗಿಯೂ ಬದಲಾಯಿತು. ಹಸಿ ಎಲೆಯ ವಾಸನೆ. ಕೆಂದಿ ಕಿವಿ ನಿಗುರಿಸಿತು. ಅದುವರೆಗೆ ಗಾಡಿಯ ಹಿಂದೆ ಬರುತ್ತಿದ್ದುದು ಪಕ್ಕಕ್ಕೆ ಬಂತು, ಪಕ್ಕದಿಂದ ಮುಂದಕ್ಕೆ. ಹೊಳೆಯಲ್ಲಿ ಮೊಣಕಾಲ ಮಟ್ಟದ ನೀರು. ಎಲ್ಲರೂ ಸುಸೂತ್ರವಾಗಿ ದಾಟಿಯೇಬಿಟ್ಟೆವು ಎನ್ನುವಾಗ ನಮ್ಮ ಎಮ್ಮೆ ನಟ್ಟನಡುವೆ ಕಾಲು ಮಡಚಿ, ಮಲಗಿ, ಕಣ್ಣು ಮುಚ್ಚಿತು. ಆ ಮುಖದ ಮೇಲಿನ ನೆಮ್ಮದಿಯನ್ನು ನಾನು ಜೀವನದಲ್ಲಿ ಯಾವ ಸನ್ಯಾಸಿಯಲ್ಲೂ ಕಂಡಿಲ್ಲ. ನಮ್ಮ ಮನೆಯವರು ಬಾಲ ತಿರುವಿದರು. ಮಾವ ಕೊಂಬು ಹಿಡಿದು ಜಗ್ಗಿದರು. ನಾನು ದಡದಿಂದ ಸಲಹೆ ಕೊಟ್ಟೆ. ಎಮ್ಮೆ ಏಳುವ ಹೊತ್ತಿಗೆ ಅಪ್ಪ ಮಗ ಇಬ್ಬರೂ ಅದಕ್ಕಿಂತ ಹೆಚ್ಚು ನೆನೆದಿದ್ದರು, ಕೆಂದಿ ಕಾಣಿಸುತ್ತಿರಲಿಲ್ಲ.

"ಹೋತಲ್ಲ!" ಎಂದರು ನಮ್ಮ ಮನೆಯವರು.

ಮಾವ ಹೆಗಲ ವಲ್ಲಿ ಹಿಂಡುತ್ತ ನನ್ನ ಕಡೆ ನೋಡಿ ನಕ್ಕರು. "ಹೋಗ್ಲಿ ಬಿಡೋ. ತವರಿನ ದಾರಿ ಕಂಡ ಹೆಣ್ಣು ನಿಲ್ತೈತೇನು? ನಮಗಿಂತ ಮೊದ್ಲು ಹೋಗಿ ಸುದ್ದಿ ಹೇಳ್ತೈತಿ."

ಹೇಳಿತು. ಹೇಗೆ ಹೇಳಿತೆಂದು ಅವ್ವ ಆಮೇಲೆ ನನಗೆ ಎಷ್ಟು ಸಲ ವರ್ಣಿಸಿದಳೋ! ಅವ್ವ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳಂತೆ. ಕೆಂದಿ ನೇರ ಬಂದು ಕೊಟ್ಟಿಗೆಗೆ ನುಗ್ಗಿ, ತನ್ನ ಹಳೆಯ ಗೂಟದ ಮುಂದೆ ನಿಂತು ಅಂಬಾ ಎಂದಿತು. ಅವ್ವ ಅದರ ಕೊರಳು ನೋಡಿದಳು. ಹಗ್ಗವಿಲ್ಲ, ಗಂಟೆಯಿಲ್ಲ. ದಾರಿಯ ಕಡೆ ನೋಡಿದಳು. ಜನವಿಲ್ಲ. ಹಪ್ಪಳದ ಮೇಲೆಯೇ ಕುಸಿದು ಕೂತಳು. ಅಪ್ಪ ಬಂದರು, ಕೊರಳು ನೋಡಿದರು, ಜಗುಲಿಯ ಮೇಲೆ ಕೂತರು. ಆಮೇಲೆ ದೊಡ್ಡಪ್ಪ ಬಂದರು. ಅವರಿಗೆ ಎಲ್ಲವೂ ಕ್ಷಣದಲ್ಲಿ ಅರ್ಥವಾಯಿತು. ಅವರಿಗೆ ಯಾವಾಗಲೂ ಹಾಗೆಯೇ. "ಹಗ್ಗ ಇಟ್ಕಂಡು ಹಸು ಅಟ್ಟಿದಾರೆ. ಮಾರಿದ ದನದ ಹಂಗೆ! ಗಿಡ್ಡ ಅಂತ ಮದುವೆ ದಿನವೇ ಅಂದಿದ್ರಲ್ಲ. ಇವತ್ತು ಹಸು, ನಾಳೆ ಹುಡುಗಿ. ಎಲ್ಲಿ ನನ್ನ ಕೋಟು?"

ಆ ಕೋಟು ಮದುವೆ, ಪಂಚಾಯ್ತಿ, ತಾಲೂಕು ಕಚೇರಿ, ಈ ಮೂರಕ್ಕೆ ಮಾತ್ರ ಹೊರಬರುತ್ತಿದ್ದ ಕಪ್ಪು ಉಣ್ಣೆಯ ಕೋಟು. ಅಂಥ ಬಿಸಿಲಿನಲ್ಲಿ ಅದನ್ನು ಕೊರಳ ತನಕ ಗುಂಡಿ ಹಾಕಿ ತೊಟ್ಟು, ಕೊಡೆ ಹಿಡಿದು ಹೊರಟರು. ಅಪ್ಪ ಕೆಂದಿಗೆ ಹೊಸ ಹಗ್ಗ, ಹೊಸ ಗಂಟೆ ಕಟ್ಟಿಕೊಂಡು ಹಿಂದೆ. ಕೊಟ್ಟದ್ದನ್ನು ನಾವು ವಾಪಸು ತೆಗೆದುಕೊಳ್ಳುವವರಲ್ಲ, ಹಗ್ಗ ಸಮೇತ ಇನ್ನೊಮ್ಮೆ ಕೊಟ್ಟು, ಕಾರಣ ಕೇಳಿ ಬರುವುದು ಎಂದು ತೀರ್ಮಾನ.

ಎರಡು ಕಡೆಯವರೂ ಎದುರಾದದ್ದು ನನ್ನ ತವರೂರ ಕೆರೆಯ ಏರಿಯ ಮೇಲೆ. ಅದು ಒಂದು ಗಾಡಿಯ ಅಗಲ ಮಾತ್ರ. ನಾನು ಗಾಡಿಯ ಮೇಲಿಂದ ಕಪ್ಪು ಕೋಟು ಕಂಡು, ಯಾರೋ ಸತ್ತರು ಎಂದುಕೊಂಡೆ.

ದೊಡ್ಡಪ್ಪ ನಿಂತರು. ಬನ್ನಿ ಎನ್ನಲಿಲ್ಲ. "ನಮ್ಮ ಹುಡುಗಿ ಎಂತ ತಪ್ಪು ಮಾಡಿದಾಳೆ?" ಎಂದರು.

ಮಾವ ತಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು. "ಯಾರು? ಏನು ತಪ್ಪು?"

"ಹಸುವಿನ ಹಗ್ಗ ಬಿಚ್ಚಿ ಮುಂಚೆ ಅಟ್ಟಿದ್ರಿ. ಹಿಂದಿಂದ ಹುಡುಗಿನ್ನ ಟ್ರಂಕು ಸಮೇತ ತಂದಿದೀರಿ. ಒಂದು ಮಾತು ನಮಗೆ ಹೇಳಿ ಕಳಿಸಬಾರದಿತ್ತಾ?"

"ಹೇಳಿ ಕಳಿಸಿದ್ವಲ್ರೀ!"

"ಯಾರೂ ಬರ್ಲಿಲ್ಲ. ಹಸು ಬಂತು." ದೊಡ್ಡಪ್ಪನ ಕಣ್ಣು ಆಗ ಗಾಡಿಯ ಹಿಂದಿನ ಸಾಲಿನ ಮೇಲೆ ಬಿತ್ತು: ಎರಡು ದೊಡ್ಡ ಹಸು, ಒದ್ದೆ ಎಮ್ಮೆ. ಅವರ ಲೆಕ್ಕ ಅಲ್ಲಿ ಸ್ವಲ್ಪ ತಪ್ಪಿತು. ಆದರೆ ಹೊರಟ ಮಾತು ನಿಲ್ಲಬೇಕಲ್ಲ. "ನಾವು ಕೊಟ್ಟಿದ್ದು ಒಂದೇ ಗಿಡ್ಡ ಹಸು. ಇವೆಲ್ಲ ಎಂತಕ್ಕೆ? ಬಡ್ಡಿಯಾ?"

ಮಾವನ ಕಣ್ಣು ಕೆಂದಿಯ ಕೊರಳಿನ ಹೊಸ ಹಗ್ಗಕ್ಕೆ ಹೋಯಿತು. ಅವರಿಗೆ ಎಲ್ಲ ತಿಳಿಯಿತು. ತಿಳಿದ ಮೇಲೆ ಮುಖ ಕಪ್ಪಾಯಿತು. "ಕೊಟ್ಟ ಹಸು, ಕೊಟ್ಟ ಹೆಣ್ಣು ತಿರುಗಿ ತರೋ ಮಂದಿ ಅಂತ ತಿಳ್ಕಂಡ್ರಾ ನಮ್ಮನ್ನ?" ಎಂದರು ಮೆಲ್ಲಗೆ. ಅವರು ಕೂಗಿದರೆ ಭಯವಿರಲಿಲ್ಲ. ಮೆಲ್ಲಗೆ ಮಾತಾಡಿದರೆ ಮುಗಿಯಿತು. ಮಗನ ಕಡೆ ತಿರುಗಿ, "ತಿರುಗಿಸೋ ದನ. ಮನೀಗೆ ನಡಿ," ಎಂದರು.

ನಮ್ಮ ಮನೆಯವರು ಗಾಡಿ ನೋಡಿದರು, ಏರಿಯ ಎರಡೂ ಬದಿ ನೋಡಿದರು. "ಅಪ್ಪಾ, ಇಲ್ಲಿ ಗಾಡಿ ತಿರುಗಲ್ಲ."

ಯಾರೂ ನಗಲಿಲ್ಲ. ಮುಂದೆ ಹೋಗಲು ದೊಡ್ಡಪ್ಪ ಬಿಡರು, ಹಿಂದೆ ಹೋಗಲು ಏರಿ ಬಿಡದು. ಕೆಳಗೆ ಕೆರೆಯಂಗಳದಲ್ಲಿ, ನೀರು ಇಳಿದ ಕಡೆ, ಮೊಣಕೈ ಎತ್ತರದ ಹಸಿರು ಹುಲ್ಲು. ಎತ್ತುಗಳು ಮೂಗರಳಿಸಿ ಆ ಕಡೆಯೇ ನೋಡುತ್ತಿದ್ದವು. ಬಲಗಡೆಯದು ಮುಂಗಾಲು ನೆಲಕ್ಕೆ ಪೂರಾ ಊರದೆ ನಿಂತಿತ್ತು. ಅದನ್ನು ತಿರುಗಿಸಿ ಮತ್ತೆ ಅಷ್ಟು ದೂರ ನಡೆಸಿದರೆ ಮುಂಗಾರಿಗೆ ನಮ್ಮಲ್ಲಿ ನೇಗಿಲಿಗೆ ಒಂದೇ ಎತ್ತು ಎಂಬುದು ನನಗೂ ಕಾಣುತ್ತಿತ್ತು.

ಚಿಂತೆ ಮಾಡುವವರ ಒಂದು ಗುಟ್ಟು ಹೇಳಲೇ? ನಾವು ಸಣ್ಣದಕ್ಕೆಲ್ಲ ನಡುಗಿ ನಡುಗಿ, ದೊಡ್ಡದು ಬಂದಾಗ ನಡುಗಲು ಏನೂ ಉಳಿದಿರುವುದಿಲ್ಲ. ಸೊಸೆಯಾದವಳು ಬೀಗರ ನಡುವೆ, ಅದೂ ಬಯಲಲ್ಲಿ, ಬಾಯಿ ಬಿಡಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗಾಡಿಯಿಂದ ಇಳಿದೆ. ಸೆರಗು ಸರಿಮಾಡಿಕೊಂಡೆ.

"ದೊಡ್ಡಪ್ಪಾ, ನನ್ನನ್ನ ಯಾರೂ ಬಿಟ್ಟುಹೋಗೋಕೆ ಬಂದಿಲ್ಲ. ನಮ್ಮ ದನಕ್ಕೆ ಹುಲ್ಲಿಲ್ಲ. ಹುಲ್ಲು ಕೇಳೋಕೆ ಬಂದಿದೀವಿ. ಕೊಡ್ತೀರೋ ಇಲ್ವೋ ಹೇಳಿ, ಎತ್ತು ನಿಂತು ಸೋತಿವೆ."

ನಾನು ಮಾವನ ಕಡೆ ನೋಡಲಿಲ್ಲ. ಅಪ್ಪ ಕೆಂದಿಯ ಹಗ್ಗವನ್ನು ದೊಡ್ಡಪ್ಪನ ಕೈಗೆ ಕೊಟ್ಟು, ಸೀದಾ ಬಂದು ಬಲಗಡೆಯ ಎತ್ತಿನ ಕಾಲೆತ್ತಿ ನೋಡಿದರು. "ಅಣ್ಣಾ, ಲಾಳ ಕಿತ್ತುಹೋಗಿದೆ. ಗೊರಸು ಸೀಳಿದೆ. ನಿಂದು ಎಂತ ಇದ್ರೂ ಮನೆಗೆ ಹೋಗಿ ಆಡು ಮಾರಾಯ."

ದೊಡ್ಡಪ್ಪ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹಸು ಹಿಡಿದು ನಿಂತಿದ್ದರು. ಬೆವರು ಗಲ್ಲದಿಂದ ಕೋಟಿನ ಮೇಲೆ ಇಳಿಯುತ್ತಿತ್ತು. "ಹುಲ್ಲಿಗಾ?" ಎಂದರು. "ಬರೀ ಹುಲ್ಲಿಗಾ? ಹಂಗಾರೆ ನಾನು ಈ ಕೋಟು ಎಂತಕ್ಕೆ ಹಾಕ್ಕಂಡೆ?"

ಮೊದಲು ನಕ್ಕವರು ನಮ್ಮ ಮನೆಯವರು. ಆಮೇಲೆ ಅಪ್ಪ. ಮಾವ ನಗಲಿಲ್ಲ, ಆದರೆ ಮುಂದೆ ಹೋಗಿ ದೊಡ್ಡಪ್ಪನ ಕೈಯಿಂದ ಕೊಡೆ ತೆಗೆದುಕೊಂಡು, "ಬಿಚ್ರಿ ಆ ಕೋಟು, ಬಿಸಿಲಾಗೆ ಬಿದ್ದೀರಿ," ಎಂದರು. ದೊಡ್ಡಪ್ಪ ಗುಂಡಿ ಬಿಚ್ಚುತ್ತ, ಬಂದದ್ದಕ್ಕೆ ಏನಾದರೂ ಕೇಳಲೇಬೇಕೆಂದು, "ಆದರೂ ಕೊರಳಿಗೆ ಒಂದು ಹಗ್ಗ ಇಲ್ಲದ ಹಂಗೆ ಹಸು ಹೊಡೀತಾರಾ?" ಎಂದು ಗೊಣಗಿದರು. ದನಗಳು ಅಷ್ಟರಲ್ಲಿ ಯಾರ ಅಪ್ಪಣೆಯನ್ನೂ ಕಾಯದೆ ಏರಿ ಇಳಿದಿದ್ದವು. ಎಮ್ಮೆ ಎಲ್ಲಕ್ಕಿಂತ ಮುಂದೆ.

ಅಂದು ರಾತ್ರಿ ಅವ್ವ ನನ್ನನ್ನು ಅಡುಗೆಮನೆಯಲ್ಲಿ ಹಿಡಿದಳು. "ಮಾವನ ಮುಂದೆ ಹಂಗೆ ಮಾತಾಡದಾ? ಮನೆ ಗುಟ್ಟು ಏರಿ ಮೇಲೆ ಬಿಚ್ಚಿಟ್ಟೆಯಲ್ಲೇ ಮಾರಾಯ್ತಿ! ನಾಳೆ ನಿನ್ನ ಬಾಳು ಎಂತ?" ಆಗ ಶುರುವಾಯಿತು ನೋಡಿ ನಡುಕ. ಮಾವ ಲಾಳ ಕಟ್ಟಿಸಿ, ಎತ್ತಿನ ಕುಂಟು ಕಡಿಮೆಯಾಗುವ ತನಕ ನಾಲ್ಕು ದಿನ ನಿಂತರು. ನಾಲ್ಕು ದಿನವೂ ನನ್ನೊಡನೆ ಒಂದು ಮಾತಿಲ್ಲ. ಉಂಡರು, ದನ ನೋಡಿದರು, ದೊಡ್ಡಪ್ಪನೊಡನೆ ಎಲೆಯಡಿಕೆ ಹಾಕಿದರು. ನಾನು ಅವರ ಬೆನ್ನಿನಲ್ಲಿ ನನ್ನ ಭವಿಷ್ಯ ಓದುತ್ತ ಸವೆದೆ.

ಹೊರಡುವ ದಿನ ಬೆಳಿಗ್ಗೆ ಬ್ಯಾಣಕ್ಕೆ ಹೋಗಿ ಕೊನೆಯ ಸಲ ದನ ನೋಡಿ ಬಂದರು. ನಾನು ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು, ನನ್ನ ಕಡೆ ಅಲ್ಲ, ಅಂಗಳದ ಕಡೆ ನೋಡುತ್ತ ಹೇಳಿದರು: "ಆ ಮಾತು ಉಡುತಡಿಯಿಂದ ಗಂಟಲಾಗೇ ಇತ್ತವ್ವ. ಏರಿ ಮ್ಯಾಲೂ ಹೊರಗೆ ಬರ್ಲಿಲ್ಲ. ಬರೋ ವರ್ಷಾನೂ ನೀನೇ ಕೇಳು." ಅಷ್ಟೇ. ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟರು.

ಮುಂಗಾರಿಗೆ ಎತ್ತುಗಳು ಮೈತುಂಬಿಕೊಂಡು ಬಂದವು. ಆ ವರ್ಷ ಮಳೆ ಬೆಳೆ ಎರಡೂ ಚೆನ್ನಾಗಿ ಆಯಿತು. ಮರುವರ್ಷ ಯುಗಾದಿ ಕಳೆದು ವಾರವಾಗಿರಬಹುದು, ನಾನು ಗೋಡೆಗೆ ಬೆರಣಿ ತಟ್ಟುತ್ತಿದ್ದೆ. ಮಾವ ಹಿತ್ತಲಿಗೆ ಬಂದು, "ಯಾಕೋ ಈ ಸಲ ಹುಲ್ಲು ಸಾಲಲ್ಲ ಅನ್ಸತೈತಿ. ಏನಂತೀ? ಗಾಡಿ ಹೂಡ್ಲೇನು?" ಎಂದು ಕೇಳಿದರು.

ಅವರ ಬೆನ್ನ ಹಿಂದೆ ಬಣವೆ ಮನೆಯೆತ್ತರ ನಿಂತಿತ್ತು. ನಾನು ಕೈ ತೊಳೆದುಕೊಂಡು ಟ್ರಂಕು ಇಳಿಸಲು ಒಳಗೆ ಹೋದೆ.